ಒಡೆದ ಸಂಖ್ಯೆ, ಒಡೆಯದ ಬೀಗ

ಚದುರಂಗದ ಮಣೆ ಮತ್ತು ಕಾಳಿನ ಕಥೆ ಯಾರಿಗೆ ಗೊತ್ತಿಲ್ಲ? ಮೊದಲ ಮನೆಗೆ ಒಂದು ಕಾಳು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ನಾಲ್ಕು. ಹೀಗೆ ಪ್ರತಿ ಮನೆಗೂ ಹಿಂದಿನದರ ಎರಡರಷ್ಟು ಕೊಡಬೇಕೆಂದು ಕೇಳಿದ ಜಾಣನ ಮುಂದೆ ರಾಜನ ಕಣಜಗಳೆಲ್ಲ ಬರಿದಾದ ಕಥೆ ಅದು. ಮಣೆಯ 64 ಮನೆಗಳೂ ತುಂಬಿದಾಗ ಆಗುವ ಒಟ್ಟು ಕಾಳು 2ರ 64ನೆಯ ಘಾತಕ್ಕಿಂತ ಒಂದು ಕಡಿಮೆ. ಅದೇ ಮಣೆಗೆ ಇನ್ನು ಮೂರು ಮನೆ ಸೇರಿಸಿ ಲೆಕ್ಕ ಮುಂದುವರಿಸಿದರೆ ಒಟ್ಟು ಹೀಗಾಗುತ್ತದೆ:

14,75,73,95,25,89,67,64,12,927

ಇಪ್ಪತ್ತೊಂದು ಅಂಕಿಗಳ ಈ ಸಂಖ್ಯೆ 2ರ 67ನೆಯ ಘಾತದಿಂದ ಒಂದನ್ನು ಕಳೆದಾಗ ಬರುವಂಥದು. ಕೋಟಿಯ ಲೆಕ್ಕದಲ್ಲಿ ಹೇಳುವುದಾದರೆ ಹದಿನಾಲ್ಕು ಲಕ್ಷ ಎಪ್ಪತ್ತೈದು ಸಾವಿರಕ್ಕೂ ಹೆಚ್ಚು ಕೋಟಿ ಕೋಟಿ. ಇಂಥ ಸಂಖ್ಯೆಯ ಮುಂದೆ ನಮ್ಮ ನಾಲಿಗೆ ತಡವರಿಸುತ್ತದೆ. ಆದರೆ ಕನ್ನಡನಾಡಿನಲ್ಲೇ ಇದಕ್ಕೆ ಒಂದು ಕಾಲದಲ್ಲಿ ಸಲೀಸಾದ ಹೆಸರಿತ್ತು. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು ಕ್ರಿ. ಶ. 850ರ ಹೊತ್ತಿಗೆ, ಮಹಾವೀರಾಚಾರ್ಯ ಸಂಸ್ಕೃತದಲ್ಲಿ ಬರೆದ ‘ಗಣಿತಸಾರಸಂಗ್ರಹ’ದಲ್ಲಿ ಏಕ, ದಶ, ಶತದಿಂದ ಹಿಡಿದು ಮಹಾಕ್ಷೋಭದವರೆಗೆ 24 ಸ್ಥಾನಗಳಿಗೆ ಹೆಸರುಗಳಿವೆ. ಅದರಲ್ಲಿ ಇಪ್ಪತ್ತೊಂದನೆಯ ಸ್ಥಾನ ‘ಕ್ಷಿತಿ’. ಆ ಲೆಕ್ಕದಲ್ಲಿ ನಮ್ಮ ಸಂಖ್ಯೆ ಒಂದು ಕ್ಷಿತಿ, ನಾಲ್ಕು ಮಹಾಶಂಖ, ಏಳು ಶಂಖ, ಐದು ಮಹಾಕ್ಷೋಣಿ ಎಂದು ಮುಂದುವರಿಯುತ್ತದೆ.

ಹೆಸರು ಸಿಕ್ಕಿತು. ಆದರೆ ಗಣಿತಜ್ಞರಿಗೆ ಬೇಕಾದದ್ದು ಹೆಸರಲ್ಲ, ಕುಲಗೋತ್ರ. ಈ ಸಂಖ್ಯೆ ಒಡೆಯುತ್ತದೆಯೇ, ಇಲ್ಲವೇ? ಒಡೆದರೆ ಎಷ್ಟು ತುಂಡು? ಈ ಪ್ರಶ್ನೆಗೆ ಪೂರ್ತಿ ಉತ್ತರ ಸಿಗಲು 259 ವರ್ಷ ಬೇಕಾಯಿತು. ಆ ಹುಡುಕಾಟದಲ್ಲಿ ಕಂಡುಬಂದ ಒಂದು ವಿಚಿತ್ರ ಸಂಗತಿಯ ಮೇಲೆಯೇ ಇಂದು ನಮ್ಮ ಗುಟ್ಟಿನ ಸಂದೇಶ, ಡಿಜಿಟಲ್ ಸಹಿ ಮುಂತಾದವುಗಳ ಭದ್ರತೆ ಬಹುಮಟ್ಟಿಗೆ ನಿಂತಿದೆ.

ಪಾದ್ರಿಯ ಪಟ್ಟಿ

ಒಂದರಿಂದ ಮತ್ತು ತನ್ನಿಂದ ಮಾತ್ರ ನಿಶ್ಶೇಷವಾಗಿ ಭಾಗವಾಗುವ ಸಂಖ್ಯೆಗಳನ್ನು ಅವಿಭಾಜ್ಯ ಸಂಖ್ಯೆಗಳೆಂದು ಶಾಲೆಯಲ್ಲಿ ಕಲಿತಿದ್ದೇವೆ. 2, 3, 5, 7, 11 ಈ ಜಾತಿಯವು. ಉಳಿದವು ಸಂಯುಕ್ತ ಸಂಖ್ಯೆಗಳು. ಅವು ಅವಿಭಾಜ್ಯಗಳನ್ನು ಗುಣಿಸಿದಾಗ ಹುಟ್ಟಿದಂಥವು.

ಗ್ರೀಕರಿಗೆ ‘ಪರಿಪೂರ್ಣ ಸಂಖ್ಯೆ’ಗಳ ಮೇಲೆ ವಿಶೇಷ ಮೋಹವಿತ್ತು. 6ನ್ನು ನಿಶ್ಶೇಷವಾಗಿ ಭಾಗಿಸುವ, ಅದಕ್ಕಿಂತ ಚಿಕ್ಕ ಸಂಖ್ಯೆಗಳು 1, 2, 3. ಇವನ್ನು ಕೂಡಿದರೆ ಮತ್ತೆ 6. ಹಾಗೆಯೇ 28 ಎಂದರೆ 1, 2, 4, 7, 14ರ ಮೊತ್ತ. ಇಂಥ ಸಂಖ್ಯೆಗಳನ್ನು ಪಡೆಯುವ ದಾರಿಯನ್ನು ಯೂಕ್ಲಿಡ್ ತೋರಿಸಿದ್ದ. 2ರ ಯಾವುದಾದರೂ ಘಾತದಿಂದ ಒಂದು ಕಳೆದಾಗ ಅವಿಭಾಜ್ಯ ಸಂಖ್ಯೆ ಬಂದರೆ, ಅದನ್ನು 2ರ ಹಿಂದಿನ ಘಾತದಿಂದ ಗುಣಿಸಿ. ಪರಿಪೂರ್ಣ ಸಂಖ್ಯೆ ಸಿದ್ಧ. 2ರ ಮೂರನೆಯ ಘಾತ 8, ಒಂದು ಕಳೆದರೆ 7. ಅದನ್ನು 4ರಿಂದ ಗುಣಿಸಿದರೆ 28. ಆದ್ದರಿಂದ 2ರ ಘಾತಕ್ಕಿಂತ ಒಂದು ಕಡಿಮೆ ಇರುವ ಸಂಖ್ಯೆಗಳಲ್ಲಿ ಯಾವುವು ಅವಿಭಾಜ್ಯ ಎಂಬ ಪ್ರಶ್ನೆ ಬಹಳ ಹಳೆಯದು.

ಘಾತಾಂಕ ಸ್ವತಃ ಅವಿಭಾಜ್ಯವಾಗಿಲ್ಲದಿದ್ದರೆ ಈ ಸಂಖ್ಯೆಗಳು ಖಂಡಿತ ಒಡೆಯುತ್ತವೆ. ಘಾತಾಂಕ 6 ಆದಾಗ ಬರುವುದು 63. ಅದು 7 ಮತ್ತು 9ರ ಗುಣಲಬ್ಧ. ಆದರೆ ಘಾತಾಂಕ ಅವಿಭಾಜ್ಯವಾದ ಮಾತ್ರಕ್ಕೆ ಭರವಸೆಯೇನೂ ಇಲ್ಲ. 11 ಅವಿಭಾಜ್ಯವೇ. ಆದರೆ 2ರ 11ನೆಯ ಘಾತದಿಂದ ಒಂದು ಕಳೆದರೆ ಬರುವ 2047, 23 ಮತ್ತು 89ರ ಗುಣಲಬ್ಧ.

1644ರಲ್ಲಿ ಫ್ರಾನ್ಸಿನ ಪಾದ್ರಿ ಮಾರಿನ್ ಮೆರ್ಸೆನ್ ತಮ್ಮ ಪುಸ್ತಕವೊಂದರಲ್ಲಿ ಒಂದು ಪಟ್ಟಿ ಕೊಟ್ಟರು. ಡೆಕಾರ್ಟ್, ಫರ್ಮಾ ಮೊದಲಾದವರೊಡನೆ ನಿರಂತರ ಪತ್ರವ್ಯವಹಾರ ಇಟ್ಟುಕೊಂಡಿದ್ದ ಮೆರ್ಸೆನ್, ಆ ಕಾಲದ ಯುರೋಪಿನ ವಿಜ್ಞಾನಕ್ಕೆ ಒಂದು ಅಂಚೆ ಕಚೇರಿಯಂತಿದ್ದರು. 257ರವರೆಗಿನ ಘಾತಾಂಕಗಳಲ್ಲಿ 2, 3, 5, 7, 13, 17, 19, 31, 67, 127, 257 ಈ ಹನ್ನೊಂದು ಮಾತ್ರ ಅವಿಭಾಜ್ಯಗಳನ್ನು ಕೊಡುತ್ತವೆ ಎಂದು ಅವರ ಹೇಳಿಕೆ. ನಮ್ಮ 67 ಆ ಪಟ್ಟಿಯಲ್ಲಿತ್ತು. ಅಂದರೆ ನಮ್ಮ ಇಪ್ಪತ್ತೊಂದು ಅಂಕಿಯ ಸಂಖ್ಯೆ ಒಡೆಯದು. ಅದರಿಂದ 41 ಅಂಕಿಗಳ ಪರಿಪೂರ್ಣ ಸಂಖ್ಯೆಯೂ ಹುಟ್ಟುತ್ತದೆ ಎಂದಾಯಿತು.

ಸ್ವಾರಸ್ಯವೆಂದರೆ, ಹದಿನೈದು ಇಪ್ಪತ್ತು ಅಂಕಿಗಳ ಸಂಖ್ಯೆಯೊಂದು ಅವಿಭಾಜ್ಯವೇ ಎಂದು ಪರೀಕ್ಷಿಸಲು ಎಷ್ಟು ಕಾಲವಿದ್ದರೂ ಸಾಲದು ಎಂದು ಮೆರ್ಸೆನ್ ಅವರೇ ಒಪ್ಪಿಕೊಂಡಿದ್ದರು. ಹಾಗಿದ್ದರೂ ಪಟ್ಟಿ ಕೊಟ್ಟರು. ಪರೀಕ್ಷಿಸುವ ಉಪಾಯ ಬೇರೆಯವರಿಗೂ ತಿಳಿಯದ ಕಾರಣ ಅದು ಅಲ್ಲಗಳೆಯಲಾಗದ ಮಾತಾಗಿ ಉಳಿದುಬಂತು. ಘಾತಾಂಕ 31ರ ಸಂಖ್ಯೆ ನಿಜಕ್ಕೂ ಅವಿಭಾಜ್ಯವೆಂದು 1772ರಲ್ಲಿ ಆಯ್ಲರ್ ತೋರಿಸಿದಾಗ ಪಟ್ಟಿಯ ಮೇಲಿನ ನಂಬಿಕೆ ಇನ್ನಷ್ಟು ಗಟ್ಟಿಯಾಯಿತು. ಇಂಥ ಸಂಖ್ಯೆಗಳಿಗೆ ಇಂದಿಗೂ ‘ಮೆರ್ಸೆನ್ ಸಂಖ್ಯೆ’ಗಳೆಂದೇ ಹೆಸರು.

ಗಡಿಗೆ ತಟ್ಟಿ ನೋಡಿದವರು

ಸಂತೆಯಲ್ಲಿ ಮಣ್ಣಿನ ಗಡಿಗೆ ಕೊಳ್ಳುವವರು ಬೆರಳಿನ ಗೆಣ್ಣಿನಿಂದ ತಟ್ಟಿ ನೋಡುತ್ತಾರೆ. ಟಣ್ ಎಂದರೆ ಗಟ್ಟಿ. ಬೊದ್ದು ಸದ್ದು ಬಂದರೆ ಎಲ್ಲೋ ಬಿರುಕಿದೆ. ಬಿರುಕು ಇದೆಯೆಂದು ಸದ್ದು ಹೇಳುತ್ತದೆಯೇ ಹೊರತು ಎಲ್ಲಿದೆಯೆಂದು ಹೇಳುವುದಿಲ್ಲ. ಸಂಖ್ಯೆಗಳನ್ನೂ ಹೀಗೆ ತಟ್ಟಿ ನೋಡಬಹುದು ಎಂಬುದನ್ನು 1876ರಲ್ಲಿ ಫ್ರಾನ್ಸಿನ ಇನ್ನೊಬ್ಬ ಗಣಿತಜ್ಞ ಎಡ್ವರ್ಡ್ ಲ್ಯೂಕಾ ತೋರಿಸಿದರು. ಕಂಬದಿಂದ ಕಂಬಕ್ಕೆ ಬಿಲ್ಲೆಗಳನ್ನು ಸಾಗಿಸುವ ‘ಹನೋಯ್ ಗೋಪುರ’ ಎಂಬ ಆಟಿಕೆಯನ್ನು ಕಂಡುಹಿಡಿದವರೂ ಇವರೇ. ಆ ಆಟದಲ್ಲಿ 67 ಬಿಲ್ಲೆಗಳಿದ್ದರೆ ಬೇಕಾಗುವ ಕನಿಷ್ಠ ನಡೆಗಳೂ ನಮ್ಮ ಸಂಖ್ಯೆಯಷ್ಟೇ!

ಲ್ಯೂಕಾ ಅವರ ಪರೀಕ್ಷೆಯನ್ನು ಮುಂದೆ ಅಮೆರಿಕದ ಡಿ. ಎಚ್. ಲೆಹ್ಮರ್ ಸರಳಗೊಳಿಸಿದರು. ಅದನ್ನು ಓದುಗರೇ ಮಾಡಿ ನೋಡಬಹುದು. ಘಾತಾಂಕ 5 ಇರಲಿ. ಪರೀಕ್ಷಿಸಬೇಕಾದ ಸಂಖ್ಯೆ 31. ಮೊದಲು 4ನ್ನು ತೆಗೆದುಕೊಳ್ಳಿ. ಅದರ ವರ್ಗದಿಂದ 2 ಕಳೆದರೆ 14. ಮತ್ತೆ 14ರ ವರ್ಗ 196ರಿಂದ 2 ಕಳೆದರೆ 194. ಇದನ್ನು 31ರಿಂದ ಭಾಗಿಸಿದರೆ ಶೇಷ 8. ಪುನಃ 8ರ ವರ್ಗ 64ರಿಂದ 2 ಕಳೆದರೆ 62. 31ರಿಂದ ಭಾಗಿಸಿದರೆ ಶೇಷ ಸೊನ್ನೆ. ಘಾತಾಂಕಕ್ಕಿಂತ ಎರಡು ಕಡಿಮೆ, ಅಂದರೆ ಮೂರು ಹೆಜ್ಜೆಗಳ ಕೊನೆಗೆ ಸೊನ್ನೆ ಬಂದಿದೆ. ಆದ್ದರಿಂದ 31 ಅವಿಭಾಜ್ಯ. ಇದೇ ಕ್ರಮದಲ್ಲಿ 2047ನ್ನು ಪರೀಕ್ಷಿಸಿದರೆ ಒಂಬತ್ತು ಹೆಜ್ಜೆಗಳ ಕೊನೆಗೆ ಬರುವುದು 1736, ಸೊನ್ನೆಯಲ್ಲ. ಅದು ಒಡೆಯುವ ಸಂಖ್ಯೆ. ಆದರೆ ಈ 1736ನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರೂ 23 ಮತ್ತು 89ರ ಸುಳಿವು ಅದರಲ್ಲಿ ಕಾಣುವುದಿಲ್ಲ.

ಘಾತಾಂಕ 67ಕ್ಕೆ 65 ಹೆಜ್ಜೆಗಳು ಸಾಕು. ಪ್ರತಿ ಹೆಜ್ಜೆಯಲ್ಲೂ ಇಪ್ಪತ್ತು ಇಪ್ಪತ್ತೊಂದು ಅಂಕಿಗಳ ಸಂಖ್ಯೆಯನ್ನು ವರ್ಗ ಮಾಡಿ ಭಾಗಿಸಬೇಕು. ಬೇಸರದ ಕೆಲಸ ನಿಜ, ಆದರೆ ಮುಗಿಯುವ ಕೆಲಸ. ಲ್ಯೂಕಾ ತಮ್ಮ ವಿಧಾನದಿಂದ ಘಾತಾಂಕ 127ರ ಸಂಖ್ಯೆ ಅವಿಭಾಜ್ಯ, 67ರದು ಅಲ್ಲ ಎಂದು ತೀರ್ಮಾನಿಸಿದರು. 232 ವರ್ಷದ ನಂತರ ಪಾದ್ರಿಯ ಪಟ್ಟಿಯಲ್ಲಿ ತಪ್ಪು ಸಿಕ್ಕಿತು. ಮುಂದೆ 257 ಕೂಡ ತಪ್ಪೆಂದೂ, ಬಿಟ್ಟುಹೋಗಿದ್ದ 61, 89, 107 ಪಟ್ಟಿಯಲ್ಲಿ ಇರಬೇಕಿತ್ತೆಂದೂ ಗೊತ್ತಾಯಿತು.

ಹೀಗೆ ನಮ್ಮ ಸಂಖ್ಯೆಯಲ್ಲಿ ಬಿರುಕಿರುವುದು ಖಚಿತವಾಯಿತು. ಬಿರುಕು ಎಲ್ಲಿ? ಅದಕ್ಕೆ ಇನ್ನೂ 27 ವರ್ಷ ಕಾಯಬೇಕಾಯಿತು.

ಮೂರು ವರ್ಷದ ಭಾನುವಾರಗಳು

1903ರ ಅಕ್ಟೋಬರ್ 31ರಂದು ನ್ಯೂಯಾರ್ಕಿನಲ್ಲಿ ಅಮೆರಿಕನ್ ಗಣಿತ ಸಂಘದ ಸಭೆ. ಕೊಲಂಬಿಯಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕ, ಸಂಘದ ಕಾರ್ಯದರ್ಶಿ ಫ್ರ್ಯಾಂಕ್ ನೆಲ್ಸನ್ ಕೋಲ್ ಅವರ ಪ್ರಬಂಧ ಅಂದು ಇತ್ತು. ಗಣಿತದ ಇತಿಹಾಸವನ್ನು ರಂಜಕವಾಗಿ ಬರೆದ ಇ. ಟಿ. ಬೆಲ್ ಹೇಳುವಂತೆ, ಕೋಲ್ ಒಂದು ಮಾತನ್ನೂ ಆಡದೆ ಕರಿಹಲಗೆಯ ಬಳಿಗೆ ಹೋದರು. 2ರ 67ನೆಯ ಘಾತವನ್ನು ಲೆಕ್ಕ ಹಾಕಿ ಒಂದು ಕಳೆದರು. ಪಕ್ಕದ ಖಾಲಿ ಜಾಗದಲ್ಲಿ ಎರಡು ಸಂಖ್ಯೆ ಬರೆದು ಕೈಲೆಕ್ಕದಲ್ಲೇ ಗುಣಿಸತೊಡಗಿದರು:

19,37,07,721 × 7,61,83,82,57,287

ಎರಡೂ ಕಡೆಯ ಉತ್ತರ ಒಂದೇ. ಕೋಲ್ ಸೀಮೆಸುಣ್ಣ ಇಟ್ಟು ತಮ್ಮ ಜಾಗಕ್ಕೆ ಹೋಗಿ ಕುಳಿತರು. ಸಭೆ ಚಪ್ಪಾಳೆ ತಟ್ಟಿತು. ಯಾರೂ ಪ್ರಶ್ನೆ ಕೇಳಲಿಲ್ಲ. ಇದನ್ನು ಕಂಡುಹಿಡಿಯಲು ಎಷ್ಟು ಕಾಲ ಹಿಡಿಯಿತೆಂದು ತಾವು ಮುಂದೊಮ್ಮೆ ಕೇಳಿದಾಗ ಕೋಲ್ ‘ಮೂರು ವರ್ಷದ ಭಾನುವಾರಗಳು’ ಎಂದರಂತೆ ಎಂಬುದೂ ಬೆಲ್ ಹೇಳಿದ ಮಾತೇ. ದಶಕಗಳ ನಂತರ ಬರೆದ ಈ ಕಥೆಗೆ ಸ್ವಲ್ಪ ಬಣ್ಣ ಸೇರಿರಲೂಬಹುದು. ಗುಣಾಕಾರಕ್ಕೆ ಮಾತ್ರ ಬಣ್ಣ ಬೇಕಿಲ್ಲ.

ಉತ್ತರ ಸರಿಯಿದೆಯೇ ಎಂದು ನೋಡಲು ನಮ್ಮ ಹಿರಿಯರು ಬಳಸುತ್ತಿದ್ದ ಒಂಬತ್ತರ ಶೇಷದ ಉಪಾಯವನ್ನು ಬಳಸಬಹುದು. ಮೊದಲ ಸಂಖ್ಯೆಯ ಅಂಕಿಗಳನ್ನು ಕೂಡಿದರೆ 37. ಮತ್ತೆ ಕೂಡಿದರೆ 10, ಕೊನೆಗೆ 1. ಎರಡನೆಯದರ ಅಂಕಿಗಳ ಮೊತ್ತ 64. ಅದೂ 10, ಕೊನೆಗೆ 1. ಒಂದನ್ನು ಒಂದರಿಂದ ಗುಣಿಸಿದರೆ ಒಂದು. ದೊಡ್ಡ ಸಂಖ್ಯೆಯ ಅಂಕಿಗಳ ಮೊತ್ತ 109. ಅದೂ 10, ಕೊನೆಗೆ 1. ತಾಳೆಯಾಯಿತು. ಇದು ಪೂರ್ತಿ ಸಾಕ್ಷ್ಯವಲ್ಲ. ಪೂರ್ತಿ ಸಾಕ್ಷ್ಯ ಬೇಕೆಂದರೆ ಕಾಗದ, ಪೆನ್ಸಿಲು, ಸ್ವಲ್ಪ ತಾಳ್ಮೆ ಸಾಕು. ಹೈಸ್ಕೂಲು ವಿದ್ಯಾರ್ಥಿಯೂ ಗುಣಿಸಿ ನೋಡಬಲ್ಲ.

ಗುಣಿಸಲು ಅರ್ಧ ಗಂಟೆ ಸಾಕಾದರೆ ಹುಡುಕಲು ಮೂರು ವರ್ಷ ಏಕೆ? ಮೆರ್ಸೆನ್ ಸಂಖ್ಯೆಯ ಅಪವರ್ತನಗಳು ಎಲ್ಲೆಂದರಲ್ಲಿ ಇರುವುದಿಲ್ಲ ಎಂಬುದನ್ನು ಫರ್ಮಾ 1640ರಲ್ಲೇ ಕಂಡುಕೊಂಡಿದ್ದರು. ಘಾತಾಂಕದ ಎರಡರಷ್ಟನ್ನು ಯಾವುದಾದರೂ ಪೂರ್ಣಸಂಖ್ಯೆಯಿಂದ ಗುಣಿಸಿ ಒಂದು ಕೂಡಿಸಿದರೆ ಬರುವ ಸಂಖ್ಯೆಗಳಲ್ಲೇ ಅವು ಇರಬೇಕು. ಘಾತಾಂಕ 11ಕ್ಕೆ 22ರ ಲೆಕ್ಕ: 23 ಎಂದರೆ 22ಕ್ಕೆ ಒಂದು ಹೆಚ್ಚು, 89 ಎಂದರೆ 88ಕ್ಕೆ ಒಂದು ಹೆಚ್ಚು. ಘಾತಾಂಕ 67ಕ್ಕೆ 134ರ ಲೆಕ್ಕ. ಇದರ ಮೇಲೆ, ಅಪವರ್ತನವನ್ನು 8ರಿಂದ ಭಾಗಿಸಿದರೆ ಶೇಷ 1 ಅಥವಾ 7 ಬರಬೇಕೆಂಬ ಇನ್ನೊಂದು ನಿಯಮವೂ ಇದೆ.

ಇಷ್ಟು ನಿಯಮಗಳಿಂದ ಜರಡಿ ಹಿಡಿದು, 3, 5, 7ರಿಂದ ಭಾಗವಾಗುವವನ್ನೂ ಬಿಟ್ಟು, ಒಂದೊಂದಾಗಿ ಭಾಗಿಸುತ್ತ ಹೋದರೂ 19,37,07,721 ಸಿಗುವ ಹೊತ್ತಿಗೆ ಸುಮಾರು 3.3 ಲಕ್ಷ ಭಾಗಾಕಾರಗಳಾಗುತ್ತವೆ. ಒಂದಕ್ಕೆ ಐದು ನಿಮಿಷದಂತೆ ದಿನಕ್ಕೆ ಎಂಟು ಗಂಟೆ ಕುಳಿತರೆ ಒಂಬತ್ತು ವರ್ಷಕ್ಕೂ ಹೆಚ್ಚು. ಭಾನುವಾರ ಮಾತ್ರವಾದರೆ 66 ವರ್ಷ! ಕೋಲ್ ಇನ್ನೂ ನಯವಾದ ಜರಡಿ ಬಳಸಿದರು. ವರ್ಗಸಂಖ್ಯೆಗಳು ಉಳಿಸುವ ಶೇಷಗಳನ್ನು ಪರಿಶೀಲಿಸಿ, ಅಪವರ್ತನ ಪಾಲಿಸಲೇಬೇಕಾದ ಹೊಸ ಹೊಸ ನಿಬಂಧನೆಗಳನ್ನು ಹುಡುಕುವುದು ಅವರ ದಾರಿ. ಇಂಥ ಒಂದೊಂದು ನಿಬಂಧನೆಯೂ ಉಳಿದವುಗಳಲ್ಲಿ ಸುಮಾರು ಅರ್ಧವನ್ನು ಹೊರಗೆ ಹಾಕುತ್ತದೆ. ಅರ್ಧದಲ್ಲಿ ಅರ್ಧ, ಅದರಲ್ಲಿ ಅರ್ಧ ಎಂದು ಕಣ ಕಿರಿದಾಗುತ್ತ ಬಂದು ಕಾಳು ಕೈಗೆ ಸಿಕ್ಕಿತು.

ಸಂಖ್ಯೆಯ ಜಾತಕ

ಈಗ ನಮ್ಮ ಸಂಖ್ಯೆಯ ಜಾತಕವನ್ನು ಪೂರ್ತಿ ಬರೆಯಬಹುದು. ಅದು ಬೆಸ ಸಂಖ್ಯೆ. ಕಂಪ್ಯೂಟರಿನ ದ್ವಿಮಾನ ಪದ್ಧತಿಯಲ್ಲಿ ಬರೆದರೆ ಒಂದರ ಪಕ್ಕ ಒಂದರಂತೆ 67 ಒಂದುಗಳು, ನಡುವೆ ಒಂದೂ ಸೊನ್ನೆಯಿಲ್ಲ. ಅದು ಸಂಯುಕ್ತ ಸಂಖ್ಯೆ. ಅದರ ಎರಡೂ ಅಪವರ್ತನಗಳು ಅವಿಭಾಜ್ಯ. ಹೀಗಾಗಿ ಎರಡೇ ತುಂಡುಗಳಾಗಿ ಒಡೆದು, ಅಲ್ಲಿಗೆ ನಿಲ್ಲುವ ಜಾತಿಯದು. ಅದನ್ನು ನಿಶ್ಶೇಷವಾಗಿ ಭಾಗಿಸುವ ಸಂಖ್ಯೆಗಳು ನಾಲ್ಕೇ: ಒಂದು, ಆ ಎರಡು ಅಪವರ್ತನಗಳು, ಮತ್ತು ತಾನು.

ತನ್ನನ್ನು ಬಿಟ್ಟು ಉಳಿದ ಮೂರನ್ನು ಕೂಡಿದರೆ 7,62,03,19,65,009. ಸಂಖ್ಯೆಯ ಗಾತ್ರಕ್ಕೆ ಹೋಲಿಸಿದರೆ ಇದು ಏನೇನೂ ಅಲ್ಲ. ಭಾಜಕಗಳ ಮೊತ್ತ ಸಂಖ್ಯೆಗಿಂತ ಕಡಿಮೆಯಾದರೆ ಅದು ‘ನ್ಯೂನ ಸಂಖ್ಯೆ’. ಮೆರ್ಸೆನ್ ಮಾತು ನಿಜವಾಗಿದ್ದರೆ ಪರಿಪೂರ್ಣ ಸಂಖ್ಯೆಯೊಂದರ ತಾಯಿಯಾಗಬೇಕಿದ್ದುದು ಕೊನೆಗೆ ಆ ಭಾಗ್ಯವಿಲ್ಲದೆ ಉಳಿಯಿತು. ಆದರೆ ಹಾಗೆ ಉಳಿದದ್ದರಿಂದಲೇ ಅದರ ಕಥೆ ನಮಗೆ ಮುಖ್ಯ.

ಬೀಗದ ಒಳಗುಟ್ಟು

ಬಿರುಕು ಇದೆಯೆಂದು ತಿಳಿಯುವುದು ಸುಲಭ, ಎಲ್ಲಿದೆಯೆಂದು ತಿಳಿಯುವುದು ಕಷ್ಟ. 1876ಕ್ಕೂ 1903ಕ್ಕೂ ನಡುವಿನ ಈ ಅಂತರ ಬಹುಕಾಲ ಗಣಿತಜ್ಞರ ಕೌತುಕವಷ್ಟೇ ಆಗಿತ್ತು. 1977ರಲ್ಲಿ ಅಮೆರಿಕದ ಮೆಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯಲ್ಲಿದ್ದ ರಿವೆಸ್ಟ್, ಶಮೀರ್ ಮತ್ತು ಏಡಲ್‌ಮನ್ ಈ ಅಂತರವನ್ನೇ ಬೀಗ ಮಾಡಿದರು. ಮೂವರ ಹೆಸರಿನ ಮೊದಲ ಅಕ್ಷರಗಳಿಂದ ಅದಕ್ಕೆ ‘ಆರ್‌ಎಸ್‌ಎ’ ಎಂದು ಹೆಸರು.

ಕೆಲಸ ಹೀಗೆ. ಎರಡು ಭಾರಿ ಅವಿಭಾಜ್ಯ ಸಂಖ್ಯೆಗಳನ್ನು ಗುಟ್ಟಾಗಿ ಆರಿಸಿ ಗುಣಿಸಬೇಕು. ಗುಣಲಬ್ಧವನ್ನು ಊರಿಗೆಲ್ಲ ಸಾರಬಹುದು. ಅದರಿಂದ ಯಾರು ಬೇಕಾದರೂ ಸಂದೇಶಕ್ಕೆ ಬೀಗ ಹಾಕಬಹುದು. ಬೀಗ ತೆಗೆಯಲು ಮಾತ್ರ ಆ ಎರಡು ಅಪವರ್ತನಗಳ ಮೂಲಕ ಸಿಗುವ ಕೀಲಿ ಬೇಕು. ಬೀಗ ಮಾಡುವವನಿಗೆ ಗಟ್ಟಿ ಗಡಿಗೆಗಳನ್ನು ತಟ್ಟಿ ಆರಿಸುವ ಸುಲಭ ಉಪಾಯ ಬೇಕು. ಕಳ್ಳನಿಗೆ ಬಿರುಕು ಹುಡುಕುವ ಉಪಾಯ ಸಿಗಬಾರದು. ಲ್ಯೂಕಾ ದಾರಿ ತೆರೆದಿರಬೇಕು, ಕೋಲ್ ದಾರಿ ದುರ್ಗಮವಾಗಿರಬೇಕು.

ಈ ಬೀಗದ ಶಕ್ತಿ ಪರೀಕ್ಷಿಸಲೆಂದು 1977ರಲ್ಲಿ 129 ಅಂಕಿಗಳ ಸಂಖ್ಯೆಯೊಂದನ್ನು ಒಡೆದವರಿಗೆ ನೂರು ಡಾಲರ್ ಬಹುಮಾನ ಘೋಷಿಸಲಾಯಿತು. ಸುಮಾರು 600 ಮಂದಿ ಸ್ವಯಂಸೇವಕರು ತಮ್ಮ ಕಂಪ್ಯೂಟರುಗಳನ್ನು ಜೋಡಿಸಿ ದುಡಿದು 1994ರಲ್ಲಿ ಅದನ್ನು ಒಡೆದರು. 2020ರಲ್ಲಿ 250 ಅಂಕಿಗಳ ಇನ್ನೊಂದು ಸಂಖ್ಯೆ ಒಡೆಯಿತು. ಈಗ ಸಾಮಾನ್ಯವಾಗಿ ಬಳಕೆಯಲ್ಲಿರುವ 2048 ಬಿಟ್‌ಗಳ ಕೀಲಿ ಎಂದರೆ 617 ಅಂಕಿಗಳ ಸಂಖ್ಯೆ. ಕೋಲ್ ಮೂರು ವರ್ಷ ಹೆಣಗಿದ ಸಂಖ್ಯೆಯನ್ನು ಇಂದು ಜೇಬಿನಲ್ಲಿರುವ ಫೋನು ಕಣ್ಣು ಮಿಟುಕಿಸುವಷ್ಟರಲ್ಲಿ ಒಡೆಯಬಲ್ಲದು. ಆದರೆ 617 ಅಂಕಿಗಳ ಇಂಥ ಬೀಗದ ಮುಂದೆ ಅತಿ ದೊಡ್ಡ ಕಂಪ್ಯೂಟರುಗಳೂ ಕೈಚೆಲ್ಲುತ್ತವೆ.

‘ತಟ್ಟಿ ನೋಡುವ’ ವಿದ್ಯೆಯಲ್ಲಿ ಭಾರತದ ಕೊಡುಗೆ ದೊಡ್ಡದು. 2002ರ ಆಗಸ್ಟ್‌ನಲ್ಲಿ ಕಾನ್ಪುರದ ಐಐಟಿಯ ಮಣೀಂದ್ರ ಅಗ್ರವಾಲ್ ಮತ್ತು ಅವರ ವಿದ್ಯಾರ್ಥಿಗಳಾದ ನೀರಜ್ ಕಯಾಲ್, ನಿತಿನ್ ಸಕ್ಸೇನಾ, ಯಾವುದೇ ಸಂಖ್ಯೆ ಅವಿಭಾಜ್ಯವೇ ಎಂಬುದನ್ನು ಸಂದೇಹಕ್ಕೆ ಎಡೆಯಿಲ್ಲದಂತೆ ತೀರ್ಮಾನಿಸುವ ವಿಧಾನವನ್ನು ಪ್ರಕಟಿಸಿದರು. ಸಂಖ್ಯೆಯ ಅಂಕಿಗಳು ಹೆಚ್ಚಿದಂತೆ ಇದರ ಶ್ರಮ ಕೈಮೀರಿ ಬೆಳೆಯುವುದಿಲ್ಲ ಎಂಬುದೇ ಇದರ ಹೆಚ್ಚುಗಾರಿಕೆ. ಸುದ್ದಿ ಜಗತ್ತಿನಾದ್ಯಂತ ಹರಡಿದಾಗ, ಹಾಗಾದರೆ ಬೀಗಗಳ ಗತಿಯೇನು ಎಂದು ಕೆಲವರು ಗಾಬರಿಯಾದದ್ದುಂಟು. ಗಾಬರಿಗೆ ಕಾರಣವಿರಲಿಲ್ಲ. ಈ ವಿಧಾನವೂ ಬಿರುಕು ಇದೆಯೆಂದು ಹೇಳುತ್ತದೆ, ಎಲ್ಲಿದೆಯೆಂದು ಹೇಳುವುದಿಲ್ಲ.

ಉಳಿದಿರುವ ಬಿರುಕುಗಳು

ಬಿರುಕು ಹುಡುಕುವುದು ನಿಜಕ್ಕೂ ಕಷ್ಟವೇ, ಅಥವಾ ನಮಗಿನ್ನೂ ಉಪಾಯ ಹೊಳೆದಿಲ್ಲವೇ? ಅದು ಕಷ್ಟವೇ ಸರಿ ಎಂದು ಯಾರೂ ಸಾಧಿಸಿ ತೋರಿಸಿಲ್ಲ. ನಮ್ಮ ಗುಟ್ಟುಗಳು ನಿಂತಿರುವುದು ಸಿದ್ಧವಾದ ಪ್ರಮೇಯದ ಮೇಲಲ್ಲ, ಇದುವರೆಗೆ ಯಾರಿಗೂ ಆಗಿಲ್ಲ ಎಂಬ ಅನುಭವದ ಮೇಲೆ. 1994ರಲ್ಲಿ ಪೀಟರ್ ಶೋರ್ ಎಂಬ ಗಣಿತಜ್ಞ, ಕ್ವಾಂಟಂ ಕಂಪ್ಯೂಟರ್ ಎಂಬ ಹೊಸ ಬಗೆಯ ಯಂತ್ರ ದೊಡ್ಡ ಪ್ರಮಾಣದಲ್ಲಿ ಕೈಗೂಡಿದರೆ ಸಂಖ್ಯೆಗಳನ್ನು ಬೇಗನೆ ಒಡೆಯಬಹುದೆಂದು ತೋರಿಸಿದರು. ಆ ದಿನಕ್ಕೆ ಮುಂಚಿತವಾಗಿ ಸಿದ್ಧವಾಗಲೆಂದು ಅಮೆರಿಕದ ಮಾನಕ ಸಂಸ್ಥೆ 2024ರ ಆಗಸ್ಟ್‌ನಲ್ಲಿ, ಅಪವರ್ತನದ ಹಂಗಿಲ್ಲದ ಹೊಸ ಬಗೆಯ ಬೀಗಗಳಿಗೆ ಮಾನಕಗಳನ್ನು ಪ್ರಕಟಿಸಿತು.

ಮೆರ್ಸೆನ್ ಸಂಖ್ಯೆಗಳ ಬೇಟೆಯೂ ನಿಂತಿಲ್ಲ. ಮನೆಮನೆಯ ಕಂಪ್ಯೂಟರುಗಳ ಬಿಡುವಿನ ವೇಳೆಯನ್ನು ಬಳಸಿಕೊಳ್ಳುವ ಸ್ವಯಂಸೇವಕರ ಬಳಗವೊಂದು 1996ರಿಂದ ಈ ಕೆಲಸದಲ್ಲಿ ತೊಡಗಿದೆ. 2024ರ ಅಕ್ಟೋಬರ್‌ನಲ್ಲಿ ಘೋಷಿಸಲಾದ ಅವಿಭಾಜ್ಯ ಸಂಖ್ಯೆಯ ಘಾತಾಂಕ 13,62,79,841. ಅದನ್ನು ಬರೆಯಲು 4 ಕೋಟಿ 10 ಲಕ್ಷಕ್ಕೂ ಹೆಚ್ಚು ಅಂಕಿಗಳು ಬೇಕು. ಅಷ್ಟು ದೊಡ್ಡದು ಒಡೆಯುವುದಿಲ್ಲವೆಂದು ಖಚಿತವಾಗಿ ಹೇಳಬಲ್ಲೆವು.

ಆದರೆ ಘಾತಾಂಕ 1277ರ ಸಂಖ್ಯೆಯನ್ನು ನೋಡಿ. ಅದರಲ್ಲಿರುವುದು 385 ಅಂಕಿಗಳು ಮಾತ್ರ. ಅದು ಒಡೆಯುತ್ತದೆಂದು ಪರೀಕ್ಷೆಗಳು ಎಂದೋ ಹೇಳಿವೆ. ಅದರ ಪ್ರತಿಯೊಂದು ಅಪವರ್ತನವೂ 2554ರ ಅಪವರ್ತ್ಯಕ್ಕಿಂತ ಒಂದು ಹೆಚ್ಚಿರಬೇಕು ಎಂಬುದೂ ಗೊತ್ತು. ಹಾಗಿದ್ದರೂ 2024ರ ಕೊನೆಯವರೆಗೆ ಅದರ ಒಂದೇ ಒಂದು ಅಪವರ್ತನವೂ ಯಾರ ಕೈಗೂ ಸಿಕ್ಕಿರಲಿಲ್ಲ. ಲ್ಯೂಕಾ ಬಿಟ್ಟುಹೋದಾಗ ನಮ್ಮ ಇಪ್ಪತ್ತೊಂದು ಅಂಕಿಯ ಸಂಖ್ಯೆ ಯಾವ ಸ್ಥಿತಿಯಲ್ಲಿತ್ತೋ ಅದೇ ಸ್ಥಿತಿಯಲ್ಲಿ ಅದು ನಿಂತಿದೆ. ಅದರ ಮೇಲೆ ಯಾರು ಎಷ್ಟು ಭಾನುವಾರಗಳನ್ನು ವ್ಯಯಿಸಬೇಕಾದೀತೋ ಕಾದು ನೋಡಬೇಕು.